ಸುರಗಿಹೊಳೆಯ ನಡೆಗಲ್ಲು

ಸುರಗಿಹೊಳೆ ಸಮುದ್ರ ಸೇರುವ ಜಾಗಕ್ಕೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅಳಿವೆಯ ಎದುರಿನ ಗುಡ್ಡ. ಕೆಂಪು ಮುರಕಲ್ಲಿನ ಗುಡ್ಡ, ಅಷ್ಟೇನೂ ಎತ್ತರದ್ದಲ್ಲ. ಗೇರುಮರಗಳ ನಡುವಿನ ಕಾಲುಹಾದಿ ಹಿಡಿದರೆ ಕಾಲು ಗಂಟೆಯಲ್ಲಿ ತುದಿ ಮುಟ್ಟಬಹುದು. ಹೊಳೆ ಅದರ ಬುಡವನ್ನು ಬಳಸಿ ಬಂದು ಕಡಲಿಗೆ ಬೀಳುತ್ತದೆ. ಗುಡ್ಡದ ನೆತ್ತಿಯ ಮೇಲೆ ಸುಣ್ಣ ಬಳಿದ ಆಳೆತ್ತರದ ಕಲ್ಲೊಂದು ನಿಂತಿದೆ. ಅದರ ಕೆಳಗೆ, ಇಳಿಜಾರಿನ ಅರ್ಧದಲ್ಲಿ, ನಾಲ್ಕು ಜನ ಹೊರುವಷ್ಟು ದೊಡ್ಡದಾದ ಇನ್ನೊಂದು ಬಿಳಿಕಲ್ಲಿದೆ. ಮೇಲಿನದು ನಿಂತಲ್ಲೇ ನಿಂತಿದೆ. ಕೆಳಗಿನದು ಮಾತ್ರ ಹೋದ ವರ್ಷ ನೋಡಿದ ಜಾಗದಲ್ಲಿ ಈ ವರ್ಷ ಇರುವುದಿಲ್ಲ. ಒಮ್ಮೆ ಹತ್ತು ಮಾರು ತೆಂಕಕ್ಕೆ, ಒಮ್ಮೆ ನಾಲ್ಕು ಮಾರು ಬಡಗಕ್ಕೆ. ಅದಕ್ಕೇ ಅದಕ್ಕೆ ನಡೆಗಲ್ಲು ಎಂದೂ ಗುಡ್ಡಕ್ಕೆ ನಡೆಗಲ್ಲು ಗುಡ್ಡ ಎಂದೂ ಹೆಸರು. ಮಳೆಗಾಲದ ಅಮಾವಾಸ್ಯೆಗಳಲ್ಲಿ ಭೂತ ಅದನ್ನು ಎತ್ತಿ ಇಡುತ್ತದೆ ಎಂದು ಹೊರಗಿನವರು ನಂಬಿದ್ದಾರೆ. ನಂಬಿಸುವವರೂ ನಮ್ಮೂರಿನಲ್ಲಿ ಇಬ್ಬರು ಮೂವರಿದ್ದಾರೆ. ಆದರೆ ಎಂಬತ್ತು ದಾಟುವವರೆಗೂ ಒಣಮೀನು ಮಾರಿ ಬದುಕಿದ ನನ್ನ ದೊಡ್ಡತ್ತೆ ಹೇಳುತ್ತಿದ್ದ ಕಥೆಯಲ್ಲಿ ಭೂತವಿರಲಿಲ್ಲ. ಕೇರಿಯ ಹಿರಿಯರೆಲ್ಲ ಹೇಳುವುದೂ ಅವಳು ಹೇಳಿದ್ದನ್ನೇ.

ಹಿಂದೆ ಒಮ್ಮೆ, ಹೊಳೆಗೆ ಸೇತುವೆಯಾಗಲಿ ಕರಾವಳಿಗೆ ಗಾಡಿರಸ್ತೆಯಾಗಲಿ ಇಲ್ಲದ ಕಾಲದಲ್ಲಿ, ಈ ಊರಿಗೆ ಬರುವುದೆಲ್ಲ ಕಡಲಿನಿಂದಲೇ ಬರಬೇಕಿತ್ತು. ಅಕ್ಕಿ, ಬೆಲ್ಲ, ಕಬ್ಬಿಣ ಎಲ್ಲವನ್ನೂ ಮಚವೆಗಳು ತರುತ್ತಿದ್ದವು. ಮಚವೆ ಎಂದರೆ ದೊಡ್ಡ ಹಾಯಿ ಕಟ್ಟಿದ ಸರಕಿನ ದೋಣಿ. ಹತ್ತಾರು ದಿನ ತೆರೆದ ಕಡಲಿನಲ್ಲಿ ಸುಖವಾಗಿ ಬಂದ ಮಚವೆಗೆ ನಿಜವಾದ ಕಷ್ಟ ಎದುರಾಗುತ್ತಿದ್ದದ್ದು ಮನೆಯ ಬಾಗಿಲಲ್ಲಿ. ಅಳಿವೆಗೆ ಅಡ್ಡವಾಗಿ, ನೀರಿನಡಿಯಲ್ಲಿ, ಮರಳಿನ ದಿಬ್ಬವೊಂದು ಮಲಗಿದೆ. ಹೊಳೆ ಹೊತ್ತು ತಂದ ಮರಳನ್ನು ಕಡಲು ತಿರುಗಿ ದೂಡಿ ಕಟ್ಟಿದ ದಿಬ್ಬ ಅದು. ಅದರ ಮೇಲೆ ಬಂದ ಅಲೆ ಎಡವಿದವರಂತೆ ಮುಗ್ಗರಿಸಿ ಒಡೆಯುತ್ತದೆ. ಆ ಒಡೆತಕ್ಕೆ ಸಿಕ್ಕಿದ ದೋಣಿ ಅಡ್ಡ ತಿರುಗಿ ಬೋರಲಾಗುತ್ತದೆ. ಹೊಳೆಯ ನೀರು ಹೊರಗೆ ಹೋಗಲು ದಿಬ್ಬವನ್ನು ಕೊರೆದುಕೊಂಡ ಆಳದ ದಾರಿ ಒಂದೇ ಒಂದು. ಅದನ್ನು ಗಂಡಿ ಎನ್ನುತ್ತಾರೆ. ಕಡಲ ಕಡೆಯಿಂದ ಬರುವವನಿಗೆ ಅಲೆಗಳ ಬೆನ್ನು ಕಾಣುತ್ತದೆಯೇ ಹೊರತು ಗಂಡಿ ಕಾಣುವುದಿಲ್ಲ. ಆದ್ದರಿಂದ ಹಿಂದಿನವರು ದಡದ ಮೇಲೆ ಗುರುತು ಮಾಡಿಕೊಂಡಿದ್ದರು. ಗುಡ್ಡದ ಬಡಗಣ ಬದಿಯ ಹೊನ್ನೆಮರವೂ ದಡದ ಕರಿಬಂಡೆಯೂ ಒಂದರ ಮೇಲೊಂದು ನೇರವಾಗಿ ಕಂಡರೆ ದೋಣಿ ಗಂಡಿಯ ಎದುರಿಗಿದೆ ಎಂದರ್ಥ. ಆ ಎರಡನ್ನೂ ಅಗಲಗೊಡದೆ ಬಂದವನು ಮನೆಗೆ ಬಂದ. ಮೂರು ತಲೆಮಾರು ಹಾಗೆಯೇ ನಡೆಯಿತು.

ಆ ಕಾಲದಲ್ಲಿ ಊರಿನ ದೊಡ್ಡ ಮಚವೆಗೆ ಯಜಮಾನನಾಗಿದ್ದವನು ಪುರ್ಸು ತಾಂಡೇಲ. ಚುಕ್ಕಾಣಿ ಹಿಡಿದು ದೋಣಿಯನ್ನೂ ಆಳುಗಳನ್ನೂ ನಡೆಸುವವನಿಗೆ ತಾಂಡೇಲ ಎಂಬ ಹೆಸರು. ಅವನ ತಂದೆಯೂ ಅಜ್ಜನೂ ತಾಂಡೇಲರೇ. ಹೊನ್ನೆಮರದ ಗುರುತನ್ನು ಅವನು ಅಜ್ಜನ ಮಡಿಲಲ್ಲಿ ಕೂತು ಕಲಿತವನು. ಕಡಿಮೆ ಮಾತಿನ ಆಸಾಮಿ, ಕೈ ಗಟ್ಟಿ, ಒಮ್ಮೆ ಹೇಳಿದ್ದನ್ನು ಬದಲಿಸುವವನಲ್ಲ. ಅವನ ಮಚವೆ ಈ ಅಳಿವೆಯಲ್ಲಿ ಒಂದೇ ಒಂದು ಸಲ ಮರಳು ಮುಟ್ಟಿತ್ತು. ಆ ದಿನ ದೋಣಿ ಉಳಿಯಿತು, ಜನ ಉಳಿದರು, ಮುಂಭಾಗದಲ್ಲಿ ಹಗ್ಗ ಹಿಡಿದು ನಿಂತಿದ್ದ ಕುಪ್ಪನೆಂಬ ಖಲಾಸಿ ಮಾತ್ರ ಅಲೆಯ ಹೊಡೆತಕ್ಕೆ ಹಾರಿಹೋದ. ಮೂರನೆಯ ದಿನ ದೇಹ ಸಿಕ್ಕಿತು. ಮರುವರ್ಷ ಗಂಡಿ ಎಂದಿನ ಜಾಗದಲ್ಲೇ ಇತ್ತಾದ್ದರಿಂದ, ಅದು ಕುಪ್ಪನ ಹಣೆಬರಹ ಎಂದುಕೊಂಡು ಊರು ಸುಮ್ಮನಾಯಿತು.

ಸುಮ್ಮನಾಗದವಳು ಕುಪ್ಪನ ಹೆಂಡತಿ ಸುಬ್ಬಿ. ಅವಳು ಅಳಲಿಲ್ಲ, ಬೈಯಲಿಲ್ಲ. ಆ ದಿನದಿಂದ ಪುರ್ಸು ತಾಂಡೇಲನ ಜೊತೆಗೆ ಮಾತು ಮಾತ್ರ ಆಡಲಿಲ್ಲ. ಅವನು ಎದುರಿಗೆ ಬಂದರೆ ದಾರಿಯ ಆಚೆ ಬದಿಗೆ ಸರಿದು ನಡೆಯುತ್ತಿದ್ದಳು. ಅವನು ಮೊದಲ ವರ್ಷ ಕಳಿಸಿದ ಅಕ್ಕಿಮೂಟೆ ಹಾಗೆಯೇ ತಿರುಗಿ ಬಂತು. ಅವಳು ಮೊದಲಿನಂತೆಯೇ ಬಳಚು ಹೆಕ್ಕಿ, ಅಂದರೆ ಮರಳಿನೊಳಗಿನ ಚಿಪ್ಪುಮೀನು ಹೆಕ್ಕಿ, ಮಾರಿ ಬದುಕಿದಳು. ನೀರು ಇಳಿದ ಹೊತ್ತಿನಲ್ಲಿ ತಲೆಗೆ ಕೆಂಪು ವಸ್ತ್ರ ಸುತ್ತಿಕೊಂಡು ಸೊಂಟಮಟ್ಟ ನೀರಿನಲ್ಲಿ ದಿಬ್ಬದ ಮೇಲೆ ನಡೆಯುತ್ತ, ಕಾಲಿನ ಬೆರಳಿನಿಂದ ಮರಳು ಕೆದಕುತ್ತ ಹೋಗುವುದು ಅವಳ ನಿತ್ಯದ ಕೆಲಸ. ದಿಬ್ಬ ಎಲ್ಲಿ ಬೆಳೆಯಿತು, ಎಲ್ಲಿ ಕರಗಿತು ಎನ್ನುವುದು ಗಂಡಸರಿಗಿಂತ ಅವಳ ಕಾಲಿಗೆ ಚೆನ್ನಾಗಿ ಗೊತ್ತಿತ್ತು ಎನ್ನುತ್ತಾರೆ. ಎಂಟು ವರ್ಷ ಹೀಗೆ ಕಳೆಯಿತು.

ಒಂಬತ್ತನೆಯ ವರ್ಷದ ವೈಶಾಖದಲ್ಲಿ, ಮಳೆಗಾಲಕ್ಕೆ ಇನ್ನೂ ತಿಂಗಳಿರುವಾಗಲೇ, ಅಕಾಲದ ಗಾಳಿಮಳೆಯೊಂದು ಬಂದು ಮೂರು ದಿನ ಹೊಡೆಯಿತು. ಹೊಳೆ ಕೆಂಪಾಗಿ ಉಕ್ಕಿ ಹರಿಯಿತು. ಮಳೆ ನಿಂತ ಮೇಲೆ ಬಳಚು ಹೆಕ್ಕಲು ಹೋದ ಸುಬ್ಬಿಗೆ ಗುರುತಿನ ದಿಬ್ಬ ಸಿಗಲೇ ಇಲ್ಲ. ಹಳೆಯ ಗಂಡಿ ಇದ್ದಲ್ಲಿ ಅವಳು ಮೊಣಕಾಲುಮಟ್ಟ ನೀರಿನಲ್ಲಿ ನಡೆದಳು. ಅಲ್ಲಿಂದ ತೆಂಕಕ್ಕೆ ಇನ್ನೂರು ಹೆಜ್ಜೆ ಹೋದಾಗ ಒಮ್ಮೆಲೇ ಕಾಲಡಿ ನೆಲವಿಲ್ಲದಂತಾಗಿ ಈಜಿ ಹೊರಗೆ ಬರಬೇಕಾಯಿತು. ಅವಳು ಬಂದು ಕೇರಿಯ ಗಂಡಸರಿಗೆ ಹೇಳಿದಳು. ಅವರ ಸಣ್ಣ ದೋಣಿಗಳು ಮೊಣಕಾಲುಮಟ್ಟ ನೀರಿನಲ್ಲೂ ತೇಲುವಂಥವು, ಹಾಗಾಗಿ ಅವರಿಗೆ ಅದೊಂದು ದೊಡ್ಡ ಸುದ್ದಿಯಾಗಲಿಲ್ಲ. "ಮಳೆ ಬಂದಾಗ ಹೋಗುತ್ತದೆ, ಮತ್ತೆ ಬರುತ್ತದೆ" ಎಂದರು. ಪುರ್ಸು ತಾಂಡೇಲ ಆಗ ಊರಿನಲ್ಲಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳಿಗೆ ಊರಿಗೆ ಬೇಕಾದ ಅಕ್ಕಿ ತರಲು ಏಳು ಜನ ಖಲಾಸಿಗಳೊಂದಿಗೆ ತೆಂಕಣ ಬಂದರಿಗೆ ಹೋಗಿದ್ದ. ಗಂಡಿ ತಿರುಗಿದ ಸುದ್ದಿ ಅವನಿಗೆ ಮುಟ್ಟುವ ದಾರಿಯೇ ಇರಲಿಲ್ಲ.

ಅವನು ಹಿಂತಿರುಗಿದ್ದು ಜ್ಯೇಷ್ಠದ ಮೊದಲ ವಾರದ ಒಂದು ಮಧ್ಯಾಹ್ನ. ಬೆಳಗಿನಿಂದಲೇ ಕಡಲು ಸರಿಯಿರಲಿಲ್ಲ. ನೈಋತ್ಯದಲ್ಲಿ ಮೋಡ ಕರಿಗೋಡೆಯಂತೆ ಎದ್ದಿತ್ತು, ಅದರ ಬುಡದಲ್ಲಿ ಮಿಂಚು ಹರಿದಾಡುತ್ತಿತ್ತು. ಮಚವೆಯ ಹಾಯಿ ದೂರದಲ್ಲಿ ಕಂಡಾಗ ಕೇರಿಯ ಜನವೆಲ್ಲ ದಂಡೆಗೆ ಓಡಿಬಂದರು. ಗಾಳಿ ಇನ್ನೊಂದು ತಾಸಿನಲ್ಲಿ ದಡಕ್ಕೆ ಅಪ್ಪಳಿಸುವುದು ಖಂಡಿತವಿತ್ತು. ತುಂಬಿದ ಮಚವೆ ಆ ಗಾಳಿಯಲ್ಲಿ ಹೊರಗೆ ಲಂಗರು ಹಾಕಿ ನಿಲ್ಲುವಂತಿರಲಿಲ್ಲ, ತಿರುಗಿ ಕಡಲಿಗೆ ಹೋಗುವಂತೆಯೂ ಇರಲಿಲ್ಲ. ಉಬ್ಬರ ಏರುತ್ತಿತ್ತು. ಬಂದರೆ ಈಗಲೇ ಒಳಗೆ ಬರಬೇಕು. ಎಚ್ಚರಿಸಲೆಂದು ನಾಲ್ಕು ಜನ ದೋಣಿ ಇಳಿಸಲು ನೋಡಿದರು. ಮೊದಲ ಅಲೆಯೇ ಅದನ್ನು ಎತ್ತಿ ಮರಳಿನ ಮೇಲೆ ಬಿಸಾಡಿತು.

ಪುರ್ಸುವಿನ ಹೆಂಡತಿ ಮಾಣಕು ದಂಡೆಯ ಮೇಲೆ ನಿಂತು ನೋಡುತ್ತಿದ್ದಳು. ಎಂಟು ವರ್ಷ ಅವಳ ಹತ್ತಿರವೂ ಸುಳಿಯದಿದ್ದ ಸುಬ್ಬಿ ಬಳಚಿನ ಬುಟ್ಟಿಯನ್ನು ಅಲ್ಲೇ ಇಟ್ಟು ಬಂದು ಅವಳ ರಟ್ಟೆ ಹಿಡಿದಳು.

"ಮಾಣಕು, ನಿನ್ನ ಗಂಡ ಹೊನ್ನೆಮರ ನೋಡಿಕೊಂಡು ಬಂದರೆ ಮರಳಿಗೆ ಹೊಡೆಯುತ್ತಾನೆ. ಗಂಡಿ ಈಗ ಅಲ್ಲಿಲ್ಲ."

"ಈಗ ಎಂತ ಮಾಡುವುದು ಸುಬ್ಬಕ್ಕ?"

"ನಿಮ್ಮ ಚಪ್ಪರದಲ್ಲಿ ಹಳೆಯ ಹಾಯಿ ಉಂಟಲ್ಲ, ಅದನ್ನು ತಾ. ಕಾಯಿ ಕೊಯ್ಯುವ ದೋಟಿ ಎರಡು ತಾ. ಓಡು."

ಮಾಣಕು ಏಕೆಂದು ಕೇಳಲಿಲ್ಲ. ಬಿಳಿಯ ಹಾಯಿಯನ್ನು ನಡುವೆ ಸೀಳಿ ಎರಡು ಮಾಡಿ, ಒಂದೊಂದನ್ನು ಒಂದೊಂದು ದೋಟಿಗೆ ಕಟ್ಟಿಕೊಂಡು ಇಬ್ಬರೂ ಗುಡ್ಡ ಹತ್ತಿದರು. ಹಾದಿ ಬಳಸಿ ಹೋಗುವಷ್ಟು ವೇಳೆ ಇರಲಿಲ್ಲ. ಮುಳ್ಳುಕಂಟಿಯಲ್ಲಿ ನೇರ ಏರಿದರು, ಅಂಗೈ ಮೊಣಕಾಲು ಕಿತ್ತುಹೋದವು. ನೆತ್ತಿಗೆ ಬಂದು ನೋಡಿದರೆ ದಂಡೆಯಿಂದ ಕಾಣದಿದ್ದದ್ದೆಲ್ಲ ಕಾಲಡಿಯಲ್ಲಿ ಬಿಡಿಸಿಟ್ಟಂತೆ ಕಂಡಿತು. ಅಳಿವೆಯ ಉದ್ದಕ್ಕೂ ಬಿಳಿನೊರೆ, ಅದರ ನಡುವೆ ಓರೆಯಾಗಿ ಕಡುನೀಲಿಯ ಒಂದು ಪಟ್ಟಿ. ಅದೇ ಹೊಸ ಗಂಡಿ. ಹಳೆಯ ಗಂಡಿಯ ಜಾಗದಲ್ಲಿ ಅಲೆಗಳು ಮರಳಿನ ಬಣ್ಣಕ್ಕೆ ತಿರುಗಿ ಒಡೆಯುತ್ತಿದ್ದವು. ಮಚವೆ ಆಗಲೇ ಅದರತ್ತ ಮುಖ ಮಾಡಿತ್ತು.

"ನೀನು ಕೆಳಗೆ ಇಳಿ. ಬಟ್ಟೆ ಎತ್ತಿ ಹಿಡಿದು ನನ್ನ ಕೈ ನೋಡು. ಕೈ ಯಾವ ಕಡೆ ಬೀಸಿದರೆ ಆ ಕಡೆ ಸರಿ, ಕೈ ಇಳಿಸಿದ ಮೇಲೆ ಅಲುಗಬೇಡ" ಎಂದಳು ಸುಬ್ಬಿ.

ಮಾಣಕು ಇಳಿಜಾರಿನ ಅರ್ಧಕ್ಕೆ ಜಾರಿಕೊಂಡು ಹೋಗಿ ದೋಟಿ ಎತ್ತಿದಳು. ಸುಬ್ಬಿ ತನ್ನ ದೋಟಿಯ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಮಾಣಕುವಿನ ಬಟ್ಟೆಯ ಮೇಲಿಂದ ಕಡಲನ್ನು ನೋಡಿದಳು. ತೆಂಕಕ್ಕೆ ಕೈ ಬೀಸಿದಳು. ಇನ್ನೂ ತೆಂಕಕ್ಕೆ. ಸ್ವಲ್ಪ ಹಿಂದಕ್ಕೆ. ಕೆಳಗಿನ ಬಿಳಿಬಟ್ಟೆ ನೀಲಿಪಟ್ಟಿಯ ನಟ್ಟನಡುವೆ ಬಂದು ಕೂತಾಗ ಕೈ ಇಳಿಸಿದಳು. ಗಾಳಿಗೆ ದೋಟಿ ಬಿಲ್ಲಿನಂತೆ ಬಾಗುತ್ತಿತ್ತು. ಅದನ್ನು ಎದೆಗೆ ಒತ್ತಿಕೊಂಡು, ಕಾಲುಗಳನ್ನು ಮುರಕಲ್ಲಿನ ಬಿರುಕಿಗೆ ಸಿಕ್ಕಿಸಿ ನಿಂತಳು.

ಕಡಲಿನಲ್ಲಿ, ಮಚವೆಯ ಮೇಲೆ, ಹೊನ್ನೆಮರ ಕರಿಬಂಡೆಯ ಮೇಲೆ ನೆಟ್ಟಗೆ ಬಂದಿತ್ತು. ಚುಕ್ಕಾಣಿ ಹಿಡಿದ ಪುರ್ಸು ಅಲೆಗಳನ್ನು ಎಣಿಸುತ್ತಿದ್ದ. ದೊಡ್ಡ ಅಲೆಗಳು ಸಾಲಾಗಿ ಬರುತ್ತವೆ, ಸಾಲು ಮುಗಿದ ಮೇಲೆ ಸ್ವಲ್ಪ ಬಿಡುವು ಇರುತ್ತದೆ, ಆ ಬಿಡುವಿನಲ್ಲಿ ನುಗ್ಗಬೇಕು. ಆಗ ಹಾಯಿಯ ಹಗ್ಗದ ಹತ್ತಿರ ನಿಂತಿದ್ದ ಬುದ್ದು ಗುಡ್ಡದ ಕಡೆ ಕೈ ತೋರಿಸಿದ. ಅವನದು ದೋಣಿಯಲ್ಲೇ ಚುರುಕು ಕಣ್ಣು.

"ಪುರ್ಸಣ್ಣ, ಅಲ್ಲಿ ಎರಡು ಬಿಳಿಬಟ್ಟೆ. ಕೆಳಗಿನದು ಈಗ ಸರಿಯುತ್ತ ಇತ್ತು, ಈಗ ನಿಂತಿತು."

ಪುರ್ಸುವಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮೇಲೊಂದು, ಕೆಳಗೊಂದು. ಯಾರೋ ಹೊಸ ಗುರುತು ಕೊಡುತ್ತಿದ್ದಾರೆ.

"ಮೇಲೆ ನಿಂತವರು ಯಾರು?"

ಬುದ್ದು ಕಣ್ಣು ಕಿರಿದು ಮಾಡಿ ನೋಡಿದ. "ತಲೆಗೆ ಕೆಂಪು ವಸ್ತ್ರ. ಸುಬ್ಬಿ." ಅವನ ದನಿ ಇಳಿಯಿತು. "ಎಂಟು ವರ್ಷದಿಂದ ಅವಳು ನಿನ್ನ ಮುಖ ನೋಡಿದವಳಲ್ಲ. ಗಂಡಿಗೆ ಕರೆಯುತ್ತಾಳೋ, ಮರಳಿಗೆ ಕರೆಯುತ್ತಾಳೋ, ಯಾರಿಗೆ ಗೊತ್ತು? ನಿನ್ನ ಅಜ್ಜನ ಗುರುತು ಎದುರಿಗೇ ಉಂಟು."

ಉಳಿದ ಖಲಾಸಿಗಳೂ ತಾಂಡೇಲನ ಮುಖ ನೋಡಿದರು. ಹಿಂದೆ ಕರಿಗೋಡೆ ಅರ್ಧ ಆಕಾಶವನ್ನು ನುಂಗಿತ್ತು, ಮೊದಲ ತಣ್ಣನೆಯ ಗಾಳಿ ಬೆನ್ನಿಗೆ ಬಡಿಯಿತು. ಪುರ್ಸುವಿಗೆ ಆಗ ನೆನಪಾದದ್ದು ಎಂಟು ವರ್ಷ ಯಾರಿಗೂ ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಒಂದು ಮಾತು. ಕುಪ್ಪ ಸತ್ತ ದಿನ, ಇದೇ ಜಾಗದಲ್ಲಿ, ಅವನು ಮುಂಭಾಗದಿಂದ ಚುಕ್ಕಾಣಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ್ದ: ಗಂಡಿ ಸ್ವಲ್ಪ ತೆಂಕಕ್ಕೆ ತಿರುಗಿದೆಯಂತೆ, ತೆಂಕಕ್ಕೆ ಹಿಡಿಯಿರಿ. ಎರಡು ಸಲ ಹೇಳಿದ್ದ. ಅಜ್ಜನ ಗುರುತಿಗಿಂತ ನಿನಗೆ ಹೆಚ್ಚು ಗೊತ್ತೇನು ಎಂದು ಪುರ್ಸು ಅವನ ಬಾಯಿ ಮುಚ್ಚಿಸಿದ್ದ. ಅದನ್ನು ಕೇಳಿದವರು ಬೇರೆ ಯಾರೂ ಇರಲಿಲ್ಲ.

"ಹಾಯಿ ತಿರುಗಿಸಿ" ಎಂದ ಪುರ್ಸು. "ತೆಂಕಕ್ಕೆ."

"ಪುರ್ಸಣ್ಣ..."

"ಅವಳು ಕೊಲ್ಲುವುದಾದರೆ ಸುಮ್ಮನೆ ಮನೆಯಲ್ಲಿ ಕೂತಿದ್ದರೂ ಸಾಕಿತ್ತು ಮಾರಾಯ. ಗುಡ್ಡ ಹತ್ತಬೇಕಿರಲಿಲ್ಲ. ತಿರುಗಿಸು."

ಮಚವೆ ಅಲೆಗಳಿಗೆ ಪಕ್ಕೆ ಕೊಟ್ಟು, ಹೊಯ್ದಾಡುತ್ತ, ನೊರೆಯ ಸಾಲಿನ ಹೊರಗೆ ತೆಂಕಕ್ಕೆ ಓಡಿತು. ಅಗಲಗಲ ಕಂಡಿದ್ದ ಎರಡು ಬಟ್ಟೆಗಳು ನಿಧಾನವಾಗಿ ಹತ್ತಿರ ಬಂದವು. ಒಂದರ ಕೆಳಗೊಂದು ನಿಂತ ಗಳಿಗೆಯಲ್ಲಿ ಪುರ್ಸು ಚುಕ್ಕಾಣಿ ತಿರುಗಿಸಿ ದಡಕ್ಕೆ ಮುಖ ಮಾಡಿದ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಬದಿಯನ್ನು ದೂಡಿ ಅಡ್ಡ ತಿರುಗಿಸದಿರಲೆಂದು ದಪ್ಪ ನಾರುಹಗ್ಗದ ಸುರುಳಿಯನ್ನು ಹಿಂದಕ್ಕೆ ಬಿಡಿಸಿದರು. ಅದು ನೀರಿನಲ್ಲಿ ಎಳೆದುಕೊಂಡು ಬರುತ್ತ ದೋಣಿಯ ಬಾಲ ಹಿಡಿದಂತೆ ನೆಟ್ಟಗಿಟ್ಟಿತು. ಪುರ್ಸು ಎಣಿಸಿದ. ಐದು ಹೋಯಿತು, ಆರು ಹೋಯಿತು. ಏಳನೆಯದು ಮಚವೆಯನ್ನು ತೆಂಗಿನಮರದೆತ್ತರಕ್ಕೆ ಎತ್ತಿ ಇಳಿಸಿತು ಎಂದು ದೊಡ್ಡತ್ತೆ ಹೇಳುತ್ತಿದ್ದಳು. ಅಷ್ಟಿರಲಿಕ್ಕಿಲ್ಲ. ಅದು ಮುಂದಕ್ಕೆ ಹೋಗಿ ಒಡೆದ ಕೂಡಲೇ, "ಹಾಯಿ ಪೂರಾ ಬಿಡಿ" ಎಂದ.

ಬೆನ್ನ ಗಾಳಿಗೆ ಹಾಯಿ ಢಬ್ಬೆಂದು ತುಂಬಿಕೊಂಡು ಮಚವೆ ನುಗ್ಗಿತು. ಎರಡೂ ಬದಿಯಲ್ಲಿ ನೀರು ಗೋಡೆಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ನಡುವಿನ ನೀರು ಕಪ್ಪಗೆ ಉಬ್ಬುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಪುರ್ಸು ನೀರನ್ನು ನೋಡಲೇ ಇಲ್ಲ. ಅವನ ಕಣ್ಣು ಗುಡ್ಡದ ಮೇಲಿತ್ತು. ಕೆಳಗಿನ ಬಟ್ಟೆ ಕೂದಲೆಳೆಯಷ್ಟು ಬಲಕ್ಕೆ ಸರಿದಂತೆ ಕಂಡರೆ ದೋಣಿಯನ್ನು ಬಲಕ್ಕೆ, ಎಡಕ್ಕೆ ಕಂಡರೆ ಎಡಕ್ಕೆ. ಬುದ್ದುವೂ ಬಂದು ಚುಕ್ಕಾಣಿಗೆ ಕೈ ಕೊಟ್ಟ. ಒಮ್ಮೆ ಅಲೆಯಿಳಿದ ತಗ್ಗಿನಲ್ಲಿ ಅಡಿಮರ ಏನನ್ನೋ ಉಜ್ಜಿದ ಸದ್ದಾಯಿತು. ಕೆಳಗಿನ ಬಟ್ಟೆ ಎಡಕ್ಕೆ ಸರಿದಿತ್ತು. ಇಬ್ಬರೂ ಸೇರಿ ಒತ್ತಿದರು, ಬಟ್ಟೆ ಮತ್ತೆ ಮೇಲಿನದರ ಕೆಳಗೆ ಬಂತು, ಸದ್ದು ನಿಂತಿತು. ಆ ಹೊತ್ತಿಗೆ ಎಡಗಡೆ, ಹೊನ್ನೆಮರದ ಗುರುತಿನ ನೇರದಲ್ಲಿ, ದೊಡ್ಡ ಅಲೆಯೊಂದು ಹಿಂದಕ್ಕೆಳೆದುಕೊಂಡಾಗ ಮರಳಿನ ಬೆನ್ನು ಒಣನೆಲದಂತೆ ಹೊರಗೆ ಕಂಡಿತು. ಖಲಾಸಿಗಳೆಲ್ಲ ಅದನ್ನು ನೋಡಿದರು. ಮುಂದಿನ ಗಳಿಗೆಯಲ್ಲಿ ಮಚವೆ ಹೊಳೆಯ ಸಮನೀರಿಗೆ ಜಾರಿ, ದೇವರ ಎದುರಿನ ದೀಪದಂತೆ ಅಲುಗದೆ ತೇಲಿತು. ಹಿಂದೆಯೇ ಮಳೆ ಬಂದು ಕಡಲನ್ನೆಲ್ಲ ಮುಚ್ಚಿಬಿಟ್ಟಿತು.

ದಂಡೆಯ ಗದ್ದಲವನ್ನು ಬಿಟ್ಟು ಪುರ್ಸು ನೇರ ಗುಡ್ಡದ ಬುಡಕ್ಕೆ ನಡೆದ. ಇಬ್ಬರು ಹೆಂಗಸರೂ ತೊಯ್ದು ಮುದ್ದೆಯಾಗಿ ಇಳಿದು ಬರುತ್ತಿದ್ದರು. ಕೆಳಗಿನ ಬಟ್ಟೆ ಹಿಡಿದವಳು ತನ್ನ ಹೆಂಡತಿ ಎಂದು ಅವನಿಗೆ ತಿಳಿದದ್ದೇ ಆಗ. ಸುಬ್ಬಿ ಎಂದಿನಂತೆ ದಾರಿಯ ಆಚೆ ಬದಿಗೆ ಸರಿದಳು. ಪುರ್ಸು ಅಡ್ಡ ನಿಂತ.

"ಸುಬ್ಬಕ್ಕ, ಒಂದು ಮಾತು ಕೇಳಿ ಹೋಗು. ಕುಪ್ಪ ಆ ದಿನ ನನಗೆ ಹೇಳಿದ್ದ. ಗಂಡಿ ತೆಂಕಕ್ಕೆ ತಿರುಗಿದೆ ಎಂದಿದ್ದ. ನಾನು ಕೇಳಲಿಲ್ಲ. ಅವನನ್ನು ಕೊಂದದ್ದು ಕಡಲಲ್ಲ."

ಸುಬ್ಬಿ ದಾರಿಯ ನಡುವಿಗೆ ಬಂದು ಅವನ ಮುಖ ನೋಡಿದಳು. ಮಳೆ ಮೂವರ ಮೇಲೂ ಸುರಿಯುತ್ತಿತ್ತು.

"ಹೇಳಿದ್ದನಾ ಅವ?"

"ಎರಡು ಸಲ ಹೇಳಿದ್ದ."

"ಹೊರಡುವ ಮೊದಲು ಅವನಿಗೆ ಹೇಳಿ ಕಳಿಸಿದವಳು ನಾನೇ" ಎಂದಳು ಸುಬ್ಬಿ. "ತಿರುಗಿ ಬರುವಾಗ ತಾಂಡೇಲರಿಗೆ ಹೇಳು ಎಂದಿದ್ದೆ. ಸಂಕೋಚದವ ಅವ, ದೊಡ್ಡವರ ಎದುರು ಬಾಯಿ ಬಾರದವ. ಹೇಳಿದನೋ, ಹೇಳದೆ ಸತ್ತನೋ ಎಂದು ಎಂಟು ವರ್ಷ ತಿಳಿಯಲಿಲ್ಲ. ನಿಮ್ಮನ್ನು ಕೇಳುವುದಕ್ಕೆ ಧೈರ್ಯ ಬರಲಿಲ್ಲ. ಹೇಳಲಿಲ್ಲ ಎಂದುಬಿಟ್ಟರೆ ಏನು ಮಾಡುವುದು?"

ಅಷ್ಟು ಹೇಳಿ ಅವಳು ಆ ಮಳೆಯಲ್ಲೇ, ಆ ಕೆಸರಿನಲ್ಲೇ ಕೂತು, ಗಂಡ ಸತ್ತ ದಿನ ಅಳದಿದ್ದವಳು ಅತ್ತಳು. ಮಾಣಕು ಪಕ್ಕದಲ್ಲಿ ಕೂತಳು. ಪುರ್ಸು ನಿಂತೇ ಇದ್ದ. ಎದ್ದ ಮೇಲೆ ಸುಬ್ಬಿ, "ತಾಂಡೇಲರೇ, ದಿಬ್ಬ ಪ್ರತಿವರ್ಷ ಅಷ್ಟಿಷ್ಟು ನಡೆಯುತ್ತದೆ. ನಿಮ್ಮ ಮರ ನಡೆಯುವುದಿಲ್ಲ. ನಡೆಯುವಂಥದ್ದು ಏನಾದರೂ ನಿಲ್ಲಿಸಿ" ಎಂದಳಂತೆ.

ಮಳೆಗಾಲ ಕಳೆದು ಕಡಲು ತೆರೆದಾಗ ಪುರ್ಸು ಗುಡ್ಡದ ನೆತ್ತಿಯ ಮೇಲೆ ದೊಡ್ಡ ಕಲ್ಲು ನೆಡಿಸಿದ. ಇಳಿಜಾರಿನ ಕಲ್ಲಿಗೆ ಜಾಗ ಹೇಳಬೇಕಾದವಳು ಸುಬ್ಬಿ. ಅವಳು ಇಳಿತದ ಹೊತ್ತಿನಲ್ಲಿ ದಿಬ್ಬದ ಮೇಲೆ ನಡೆದು, ಗಂಡಿ ಎಲ್ಲಿದೆಯೆಂದು ಕಾಲಿನಲ್ಲಿ ನೋಡಿ, ನೆತ್ತಿಗೆ ಹತ್ತಿ ಕೈ ಬೀಸಿದಳು. ಕಲ್ಲು ಹೊತ್ತವರಲ್ಲಿ ತಾಂಡೇಲನೂ ಒಬ್ಬ. ಚಿಪ್ಪು ಸುಟ್ಟ ಸುಣ್ಣವನ್ನು ಎರಡಕ್ಕೂ ಬಳಿದರು. ಮರುವರ್ಷ ಕಲ್ಲು ಮತ್ತೆ ಎದ್ದು ನಡೆಯಿತು, ಅದರ ಮರುವರ್ಷವೂ. ಸುಬ್ಬಿ ಬದುಕಿದ್ದಷ್ಟು ಕಾಲ ಅಳಿವೆಯಲ್ಲಿ ಒಂದು ದೋಣಿಯೂ ಒಡೆಯಲಿಲ್ಲ ಎನ್ನುತ್ತಾರೆ. ಮೇಲಿನ ಕಲ್ಲಿಗೆ ಯಾರೂ ಹೆಸರಿಡಲಿಲ್ಲ.

ಈಗ ಹಾಯಿಯ ಮಚವೆಗಳಿಲ್ಲ. ಗುಡ್ಡ ಹತ್ತಿದವರಿಗೆ ಇಳಿಜಾರಿನುದ್ದಕ್ಕೂ ಮುರಕಲ್ಲಿನಲ್ಲಿ ಸಾಲುಗುಳಿಗಳು ಕಾಣುತ್ತವೆ. ಕಲ್ಲು ಒಂದೊಂದು ವರ್ಷ ಕೂತೆದ್ದ ಜಾಗಗಳವು. ಕೆಲವುಗಳಲ್ಲಿ ಹುಲ್ಲು ಬೆಳೆದಿದೆ, ಕೆಲವುಗಳಲ್ಲಿ ಮಳೆನೀರು ನಿಂತಿರುತ್ತದೆ. ನಾನು ಒಮ್ಮೆ ಎಣಿಸಲು ಹೋಗಿ ಅರವತ್ತರ ಮೇಲೆ ಲೆಕ್ಕ ತಪ್ಪಿದೆ. ಕಡಲು ತೆರೆಯುವ ಹುಣ್ಣಿಮೆಯ ಮೊದಲ ಇಳಿತಕ್ಕೆ ದಿಬ್ಬದ ಮೇಲೆ ನಡೆದು ಬರುವುದು ಇಂದಿಗೂ ಕೇರಿಯ ಬಳಚು ಹೆಕ್ಕುವ ಹೆಂಗಸರೇ. ಅವರು ಹೇಳುವವರೆಗೆ ಗಂಡಸರು ಕಲ್ಲಿಗೆ ಕೈ ಹಚ್ಚುವುದಿಲ್ಲ. ಸಂಜೆ ನೆತ್ತಿಯ ಮೇಲೆ ಕೂತು ನೋಡಿದರೆ ಮೀನಿನ ಮೋಟಾರು ದೋಣಿಗಳು ಒಂದೊಂದಾಗಿ ಮರಳುವುದು ಕಾಣುತ್ತದೆ. ಅಳಿವೆಯ ಬಾಗಿಲು ಎದುರಿಗೇ ತೆರೆದಿದ್ದಂತೆ ಕಂಡರೂ ಅವು ನೇರ ಬರುವುದಿಲ್ಲ. ನೊರೆಯ ಹೊರಗೆ ಬದಿಗೆ ಸರಿದು, ವೇಗ ತಗ್ಗಿಸಿ, ಕಾಯುತ್ತವೆ. ಚುಕ್ಕಾಣಿಯವನು ಗುಡ್ಡದತ್ತ ಮುಖವೆತ್ತುತ್ತಾನೆ, ಉಳಿದವರು ಮಾತು ನಿಲ್ಲಿಸುತ್ತಾರೆ. ಆಮೇಲೆ ಮೋಟಾರಿನ ಸದ್ದು ಒಮ್ಮೆಲೇ ಏರುತ್ತದೆ.